ಒಂದನೇ ತಾರೀಖಿನ ಸಂಜೆ

ತಿಂಗಳ ಮೊದಲ ವಾರದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಬಜಾರಿನಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಸಾಕು, ಊರಿನಲ್ಲಿ ಪಗಾರವಾಗಿದೆ ಎಂಬುದು ಯಾರನ್ನೂ ಕೇಳದೆ ತಿಳಿದುಬಿಡುತ್ತದೆ. ಮಿರ್ಚಿ ಭಜಿ ಬಂಡಿಯ ಮುಂದೆ ನಿಂತವರು ಒಂದರ ಬದಲು ಎರಡು ಪ್ಲೇಟು ಹೇಳುತ್ತಾರೆ. ಹೂವಿನವಳ ಬುಟ್ಟಿ ಬೇಗ ಖಾಲಿಯಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಹಳೆಯ ಚೀಟಿಗಳ ಮೇಲೆ ಗೆರೆ ಎಳೆಯುವ ಕೆಲಸ ನಡೆದಿರುತ್ತದೆ. ಇಪ್ಪತ್ತೈದನೇ ತಾರೀಖು ದಾಟಿದ ಮೇಲೆ ಬನ್ನಿ: ಅದೇ ಬಂಡಿ, ಅದೇ ಮಂದಿ, ಆದರೆ ಒಂದು ಕಪ್ಪು ಚಹಾವನ್ನು ಇಬ್ಬರು ಹಂಚಿಕೊಂಡು ಕುಡಿಯುತ್ತ ದೇಶದ ರಾಜಕೀಯವನ್ನು ಮಾತ್ರ ಧಾರಾಳವಾಗಿ ಮಾತಾಡುತ್ತಿರುತ್ತಾರೆ.

ಇದು ಎಲ್ಲ ಊರುಗಳಲ್ಲೂ ಇರುವುದೇ ಅಲ್ಲವೆ ಎನ್ನಬಹುದು. ಇದೆ. ಆದರೆ ಮಳೆ ಬಂದರೆ ಬೆಳೆ, ಬೆಳೆ ಬಂದರೆ ಕೈಯಲ್ಲಿ ಕಾಸು ಎಂಬ ಲೆಕ್ಕದಲ್ಲಿ ಶತಮಾನಗಳನ್ನು ಕಳೆದ ಈ ಎರೆಭೂಮಿಯ ನಾಡಿನಲ್ಲಿ, ಮಳೆ ಬರಲಿ ಬಿಡಲಿ ತಿಂಗಳಿಗೊಮ್ಮೆ ತಪ್ಪದೆ ಹಣ ಕೈಗೆ ಬರುತ್ತದೆ ಎನ್ನುವುದು ಒಂದು ಹೊಸ ವಿಚಾರವಾಗಿತ್ತು. ಅದು ಬಂದು ಇನ್ನೂ ಇನ್ನೂರು ವರ್ಷಗಳಾಗಿಲ್ಲ. ಕಚೇರಿ ನೌಕರನ ಚಹಾ, ಎಲೆ-ಅಡಿಕೆ, ಮಕ್ಕಳ ಮಿಠಾಯಿ, ರಾತ್ರಿಯ ಆಟ ನೋಟ ಇವೆಲ್ಲ ನಿಂತಿರುವುದು ಈ ಒಂದು ಭರವಸೆಯ ಮೇಲೆ. ಅದು ಹೇಗೆ ಬಂತು, ಇಲ್ಲಿನ ಸಂಜೆಗಳನ್ನು ಹೇಗೆ ಬದಲಿಸಿತು, ಈಗ ಅದರ ಸ್ಥಿತಿ ಏನು ಎಂಬುದನ್ನು ನೋಡೋಣ.

ಬುತ್ತಿಯಿಂದ ಪಗಾರಕ್ಕೆ

ಕೂಲಿಗೂ ಸಂಬಳಕ್ಕೂ ನಮ್ಮಲ್ಲಿರುವ ಹೆಸರುಗಳೇ ಒಂದು ಕಥೆ ಹೇಳುತ್ತವೆ. ‘ಸಂಬಳ’ ಎಂಬ ಮಾತಿನ ಹಿಂದಿರುವ ಸಂಸ್ಕೃತದ ‘ಶಂಬಲ’ಕ್ಕೆ ದಾರಿಬುತ್ತಿ ಎಂದು ಅರ್ಥ. ಪ್ರಯಾಣ ಹೊರಟವನ ಕೈಗೆ ಕಟ್ಟಿಕೊಡುವ ಆಹಾರ ಅದು. ಹಳೆಯ ದಫ್ತರಗಳ ‘ತನಖಾ’ ಫಾರ್ಸಿಯದು: ತನ್ ಎಂದರೆ ದೇಹ, ಖ್ವಾಹ್ ಎಂದರೆ ಬಯಸುವುದು, ದೇಹ ಬಯಸುವಷ್ಟು ಎಂಬುದು ಅದರ ಭಾವ. ಈ ಭಾಗದ ಜನ ದಿನವೂ ಬಳಸುವ ‘ಪಗಾರ’ ಇನ್ನೂ ದೂರದಿಂದ ಬಂದದ್ದು. ಪೋರ್ಚುಗೀಸರ ಭಾಷೆಯಲ್ಲಿ ‘ಪಗಾರ್’ ಎಂದರೆ ಹಣ ಸಲ್ಲಿಸುವುದು. ಅದು ಮರಾಠಿಯನ್ನು ಹಾದು ನಮ್ಮ ಬಾಯಿಗೆ ಬಂದು ಕೂತಿದೆ. ಬುತ್ತಿಯಿಂದ ಹೊರಟು ನಗದಿಗೆ ಬಂದು ನಿಂತ ಪಯಣ ಈ ಮೂರು ಪದಗಳಲ್ಲಿಯೇ ಇದೆ.

ಹಳೆಯ ವ್ಯವಸ್ಥೆಯಲ್ಲಿ ನಗದಿನ ಪಾತ್ರ ಕಡಿಮೆ. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಂದ ಮೊದಲಾದ ಆಯಗಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಜೋಳ ತರುತ್ತಿದ್ದರು. ಊರ ಲೆಕ್ಕ ಬರೆಯುವ ಕುಲಕರ್ಣಿಗೂ ಊರ ಗೌಡನಿಗೂ ಇನಾಮು ಜಮೀನು ಇರುತ್ತಿತ್ತು. ಸುರಪುರದ ನಾಯಕ ಅರಸರ ಕಾಲದಲ್ಲಿ ಬೇಡ ಪಡೆಯ ಯೋಧರಿಗೂ ಉಂಬಳಿಯೇ ಆಧಾರ. 1705ರಲ್ಲಿ ಔರಂಗಜೇಬನೇ ಬಂದು ಮುತ್ತಿಗೆ ಹಾಕಿದ ವಾಗಣಗೇರಿಯ ಕೋಟೆಯನ್ನು ಕಾದವರು ತಿಂಗಳ ಪಗಾರದ ಸಿಪಾಯಿಗಳಲ್ಲ, ಹೊಲ ಉಂಡು ದಣಿಗೆ ದುಡಿದ ಒಕ್ಕಲು ಮಕ್ಕಳು.

1857-58ರ ಹೋರಾಟದಲ್ಲಿ ರಾಜಾ ವೆಂಕಟಪ್ಪ ನಾಯಕರ ಅಂತ್ಯದೊಂದಿಗೆ ಸುರಪುರ ಸಂಸ್ಥಾನ ಮುಗಿಯಿತು. ಬ್ರಿಟಿಷರು 1860ರಲ್ಲಿ ಅದನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. ಅಷ್ಟರಲ್ಲಿ ಹೈದರಾಬಾದಿನಲ್ಲಿಯೂ ಬದಲಾವಣೆಯ ಗಾಳಿ ಬೀಸಿತ್ತು. ಅದಕ್ಕೂ ಮುಂಚೆ ಅಲ್ಲಿ ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿಯುವ ಪದ್ಧತಿ ಇತ್ತು. ಗುತ್ತಿಗೆದಾರ ಸರ್ಕಾರಕ್ಕೆ ಇಂತಿಷ್ಟು ಎಂದು ಕಟ್ಟಿ, ರೈತನಿಂದ ಕೈಲಾದಷ್ಟು ಹಿಂಡುತ್ತಿದ್ದ. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಅದನ್ನು ತೆಗೆದುಹಾಕುತ್ತ ಬಂದು, 1865ರಲ್ಲಿ ಜಿಲ್ಲಾಬಂದಿ ಎಂಬ ಹೊಸ ಆಡಳಿತವನ್ನು ತಂದರು. ರಾಜ್ಯವನ್ನು ಜಿಲ್ಲೆ, ತಾಲ್ಲೂಕುಗಳಾಗಿ ಹಂಚಿ ಜಿಲ್ಲೆಗೊಬ್ಬ ಅವ್ವಲ್ ತಾಲ್ಲೂಕುದಾರ, ತಾಲ್ಲೂಕಿಗೊಬ್ಬ ತಹಸೀಲ್ದಾರ, ಅವರ ಕೈಕೆಳಗೆ ಪೇಶ್‌ಕಾರ, ಗುಮಾಸ್ತ, ಚಪ್ರಾಸಿ ಹೀಗೆ ಸಂಬಳದ ಸಾಲನ್ನು ನಿಲ್ಲಿಸಿದರು. ನಮ್ಮ ಮೂರೂ ಊರುಗಳ ‘ನೌಕರದಾರ’ ಎಂಬ ಮನುಷ್ಯನ ಹುಟ್ಟು ಇಲ್ಲಿಂದ.

ಫಸಲಿ ತಿಂಗಳು, ಶುಕ್ರವಾರದ ರಜೆ

ಈ ಹೊಸ ನೌಕರದಾರನ ಕ್ಯಾಲೆಂಡರು ಇಂದಿನದಲ್ಲ. ನಿಜಾಮರ ಆಡಳಿತ ನಡೆಯುತ್ತಿದ್ದುದು ಫಸಲಿ ವರ್ಷದ ಮೇಲೆ. ಫಸಲಿ ಎಂದರೆ ನಮ್ಮ ‘ಫಸಲು’ ಪದವೇ. ಬೆಳೆಯ ಲೆಕ್ಕಕ್ಕೆಂದು ಮೊಗಲರ ಕಾಲದಲ್ಲಿ ಹುಟ್ಟಿದ ಸಂವತ್ಸರ ಅದು. ಹೈದರಾಬಾದಿನಲ್ಲಿ ಅದು ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ಮಾಸದಿಂದ ಶುರುವಾಗುತ್ತಿತ್ತು. ದೈ, ಬಹಮನ್, ಇಸ್ಫಂದಾರ್ ಎಂದು ಇರಾನಿ ಹೆಸರುಗಳ ಹನ್ನೆರಡು ತಿಂಗಳು. ಬೆಳೆಗೆಂದು ಹುಟ್ಟಿದ ಪಂಚಾಂಗವೇ ಬೆಳೆಯ ಹಂಗಿಲ್ಲದ ಪಗಾರವನ್ನು ಎಣಿಸತೊಡಗಿದ್ದು ತಮಾಷೆಯ ಸಂಗತಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಮನೆಯಲ್ಲಿ ಹಳೆಯ ಜಮೀನು ಕಾಗದ ಇಟ್ಟುಕೊಂಡವರಿಗೆ ಈ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಕಚೇರಿಯ ಭಾಷೆ ಮೊದಲು ಫಾರ್ಸಿ, 1884ರ ಸುಮಾರಿನಿಂದ ಉರ್ದು. ವಾರದ ರಜೆ ಶುಕ್ರವಾರ. ಹೀಗಾಗಿ ಇಂದಿನ ನೌಕರರಿಗೆ ಶನಿವಾರದ ಸಂಜೆ ಎಷ್ಟು ಸಿಹಿಯೋ ಅಂದಿನವರಿಗೆ ಗುರುವಾರದ ಸಂಜೆ ಅಷ್ಟು ಸಿಹಿ. ದರ್ಗಾಗಳಿಗೆ ಗುರುವಾರ ರಾತ್ರಿ ಹೋಗುವ ರೂಢಿಯೂ ಇದ್ದುದರಿಂದ ಭಕ್ತಿ, ಬಿಡುವು ಎರಡೂ ಒಂದೇ ದಿನ ಕೂಡಿಬರುತ್ತಿದ್ದವು. ಶಹಾಪುರದ ಸಮೀಪದ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರು ಮಣ್ಣಾದದ್ದೂ ಅಲ್ಲಿಯೇ.

ಇನ್ನು ಕೈಗೆ ಬರುವ ಹಣ. ನಿಜಾಮರಿಗೆ ತಮ್ಮದೇ ಟಂಕಸಾಲೆ ಇತ್ತು. ಅವರ ರೂಪಾಯಿಗೆ ಹಾಲಿ ಸಿಕ್ಕಾ ಎಂದು ಹೆಸರು. ಚಾರ್‌ಮಿನಾರಿನ ಚಿತ್ರವಿದ್ದ ಈ ರೂಪಾಯಿಗೆ ಕಡೆಯ ನಿಜಾಮರ ಕಾಲದಲ್ಲಿ ಉಸ್ಮಾನಿಯಾ ಸಿಕ್ಕಾ ಎಂದೂ ಕರೆದರು. ಬ್ರಿಟಿಷರ ರೂಪಾಯಿ ‘ಕಲ್ದಾರ್’. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್ ಎಂಬುದು ನಿಗದಿಯಾದ ಸಾಟಿ. ಅಂದರೆ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಈ ಗುಣಾಕಾರವನ್ನು ಬಾಯಲ್ಲಿಯೇ ಮಾಡುವ ಗುಮಾಸ್ತನಿಗೂ ಅಂಗಡಿಕಾರನಿಗೂ ಇಂದಿನ ಲೆಕ್ಕದ ಯಂತ್ರ ಬೇಕಿರಲಿಲ್ಲ.

ಮೂರು ಊರು, ಮೂರು ಬಜಾರು

ಮೂರೂ ಒಂದೇ ಸೀಮೆಯ ಊರುಗಳಾದರೂ ಒಂದೊಂದರ ಬಜಾರಿಗೆ ಒಂದೊಂದು ಗುಣ. ಯಾದಗಿರಿಯನ್ನು ಬದಲಿಸಿದ್ದು ರೈಲು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ, ಮದ್ರಾಸಿನಿಂದ ಬಂದ ಹಳಿಯನ್ನು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಆ ದಾರಿಯಲ್ಲಿ ಯಾದಗಿರಿ ಒಂದು ನಿಲ್ದಾಣವಾಯಿತು. ಭೀಮಾ ತೀರದ ಕೋಟೆಯೂರು ಎರಡು ಮಹಾನಗರಗಳ ನಡುವಿನ ದಾರಿಗೆ ಬಂದು ನಿಂತಿತು. ನಿಲ್ದಾಣವಿದ್ದಲ್ಲಿ ಚಹಾ ಇರಲೇಬೇಕು. 1930ರ ದಶಕದಲ್ಲಿ ರಫ್ತು ಕುಸಿದಾಗ ಚಹಾ ಬೆಳೆಗಾರರು ದೇಶದೊಳಗೇ ಗಿರಾಕಿಗಳನ್ನು ಹುಡುಕಿ ರೈಲು ನಿಲ್ದಾಣಗಳಲ್ಲಿ, ಪೇಟೆಗಳಲ್ಲಿ ದೊಡ್ಡ ಪ್ರಚಾರ ನಡೆಸಿದರು. ನೀರು ಮಜ್ಜಿಗೆ ಕುಡಿದು ಬಿಸಿಲು ತಡೆಯುತ್ತಿದ್ದ ನಾಡಿಗೆ ಬಿಸಿ ಚಹಾದ ರುಚಿ ಹತ್ತಿತು. ಅದರಲ್ಲೂ ಕಚೇರಿಯವರಿಗೆ ಚಹಾ ಒಂದು ಪಾನೀಯ ಮಾತ್ರವಲ್ಲ, ಎದ್ದು ಹೊರಗೆ ಹೋಗಿಬರಲು ಎಲ್ಲರೂ ಒಪ್ಪುವ ಒಂದು ಕಾರಣ.

ಶಹಾಪುರ ರಸ್ತೆಯ ಊರು. ಬೆಟ್ಟದ ಸಾಲಿನಲ್ಲಿ ಮಲಗಿದ ಬುದ್ಧನಂತೆ ಕಾಣುವ ಬಂಡೆಗಳು, ಕೆಳಗೆ ಬೀದರ್-ಶ್ರೀರಂಗಪಟ್ಟಣ ಹೆದ್ದಾರಿ. ಇಲ್ಲಿಗಾಗಲಿ ಸುರಪುರಕ್ಕಾಗಲಿ ರೈಲಿಲ್ಲ, ಬಸ್ಸೇ ಗತಿ. ನಿಜಾಮರ ಸರ್ಕಾರ 1932ರಲ್ಲಿ ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತ್ತು. ಸರ್ಕಾರವೇ ಬಸ್ಸು ಓಡಿಸುವ ಪದ್ಧತಿಗೆ ದೇಶದಲ್ಲಿ ಅದು ಮೊದಲ ಮೊದಲ ಉದಾಹರಣೆಗಳಲ್ಲಿ ಒಂದು. ರಸ್ತೆಯ ಊರಿನಲ್ಲಿ ರಾತ್ರಿ ಬೇಗ ಮಲಗುವುದಿಲ್ಲ. ಕಡೆಯ ಬಸ್ಸಿಗೆ ಇಳಿದವನಿಗೆ ಎಲ್ಲೋ ಒಂದು ಕಡೆ ಒಲೆ ಉರಿಯುತ್ತಿರುತ್ತದೆ.

ಸುರಪುರ ಅರಮನೆಯ ಊರು. ವೇಣುಗೋಪಾಲಸ್ವಾಮಿ ಗುಡಿ, ಬಂಗಾರದ ಕೆಲಸದ ಚಿತ್ರಗಳಿಗೆ ಹೆಸರಾದ ಚಿತ್ರಗಾರರ ಪರಂಪರೆ, ಗುಡ್ಡದ ಮೇಲೆ ಟೇಲರ್ ಮಂಜಿಲ್. ಅಲ್ಲಿದ್ದ ಮೆಡೋಸ್ ಟೇಲರ್ ಬಾಲಕ ಅರಸನ ಕಾಲದಲ್ಲಿ ಸಂಸ್ಥಾನದ ಲೆಕ್ಕಪತ್ರ ನೋಡಿಕೊಳ್ಳಲು ಬಂದ ಅಧಿಕಾರಿ. ಅವನ ಆತ್ಮಕಥೆ 1877ರಲ್ಲಿ ಅಚ್ಚಾಯಿತು. ಹೊರಗಿನಿಂದ ಈ ಊರಿಗೆ ವರ್ಗವಾಗಿ ಬಂದು, ಗುಡ್ಡದ ಮೇಲೊಂದು ಮನೆ ಮಾಡಿ, ಊರನ್ನು ಮರೆಯಲಾರದೆ ಹೋದ ನೌಕರದಾರರ ಸಾಲಿನಲ್ಲಿ ಅವನನ್ನೂ ಸೇರಿಸಬಹುದು.

ಉದ್ರಿ ಖಾತೆಯ ಗೆಳೆತನ

ಪಗಾರ ತಿಂಗಳಿಗೊಮ್ಮೆ, ಹಸಿವು ದಿನಕ್ಕೆ ಎರಡು ಹೊತ್ತು. ಈ ಎರಡರ ನಡುವಿನ ಸೇತುವೆಯೇ ಉದ್ರಿ ಖಾತೆ. ಅಂಗಡಿಯ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ಇರುತ್ತದೆ. ಅದರ ಕೆಳಗೇ ಕುಳಿತ ಸಾವ್ಕಾರ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ತೆಗೆದು ಉದ್ರಿ ಬರೆಯುತ್ತಿರುತ್ತಾನೆ. ಫಲಕ ಗುರುತಿಲ್ಲದವರಿಗೆ, ಪುಸ್ತಕ ಗುರುತಿದ್ದವರಿಗೆ.

“ಯಾಕ್ರೀ ಸರ, ಈ ಸಲ ತಡಾ ಆತಲ್ರಿ?”

“ಬಿಲ್ಲು ಇನ್ನಾ ಖಜಾನಿಗೆ ಹೋಗಿಲ್ರೀ ಸಾವ್ಕಾರ್ರ. ಬರಕೋರಿ, ಎಲ್ಲಿ ಓಡಿ ಹೋಗ್ತೀನಿ?”

ಈ ಎರಡು ಮಾತಿನಲ್ಲಿ ಇಡೀ ಶಾಸ್ತ್ರ ಅಡಗಿದೆ. ರೈತನೂ ಇದೇ ಅಂಗಡಿಯಲ್ಲಿ ಉದ್ರಿ ಒಯ್ಯುತ್ತಾನೆ. ಆದರೆ ಅವನ ಖಾತೆ ತೀರುವುದು ತೊಗರಿ, ಹತ್ತಿ, ಹಿಂಗಾರಿ ಜೋಳ ಮನೆಗೆ ಬಂದಾಗ. ಮಳೆ ಕೈಕೊಟ್ಟರೆ ಖಾತೆ ಮುಂದಿನ ವರ್ಷಕ್ಕೆ ಉರುಳುತ್ತದೆ, ಬಡ್ಡಿಯೂ ಬೆಳೆಯುತ್ತದೆ. ನೌಕರದಾರನ ಖಾತೆಗೆ ಮೂವತ್ತು ದಿನದ ಆಯುಷ್ಯ. ಮೊತ್ತ ಸಣ್ಣದಾದರೂ ಅದು ಬರುವುದು ಖಚಿತ. ಬರಗಾಲದ ವರ್ಷಗಳಲ್ಲಿ ಸಣ್ಣ ಪೇಟೆಯ ಅಂಗಡಿಗಳು ಬಾಗಿಲು ಹಾಕದೆ ಉಳಿದದ್ದರಲ್ಲಿ ಮಾಸ್ತರರು, ಗುಮಾಸ್ತರು, ಪೊಲೀಸರು, ಅಂಚೆಯವರು ತಿಂಗಳಿಗೊಮ್ಮೆ ತಂದು ಹಾಕಿದ ಕಾಸಿನ ಪಾಲು ದೊಡ್ಡದು. ಅದಕ್ಕೇ ಸಾವ್ಕಾರರು ಮಾಸ್ತರರನ್ನು ಕಂಡರೆ ಎದ್ದು ನಮಸ್ಕಾರ ಮಾಡುತ್ತಿದ್ದರು. ವಿದ್ಯೆಗೆ ಕೊಟ್ಟ ಗೌರವ ಅದರಲ್ಲಿ ಇತ್ತು. ಒಂದನೇ ತಾರೀಖಿಗೆ ಕೊಟ್ಟ ಗೌರವವೂ ಇತ್ತು.

ಇದೇ ಖಚಿತತೆಯ ಮೇಲೆ ಬೆಳೆದ ಇನ್ನೊಂದು ಏರ್ಪಾಡು ಭಿಶಿ. ಹನ್ನೆರಡು ಜನ ಕೂಡಿ ತಿಂಗಳಿಗೆ ಐನೂರರಂತೆ ಹಾಕಿದರು ಎನ್ನಿ. ಪ್ರತಿ ತಿಂಗಳೂ ಆರು ಸಾವಿರ ರೂಪಾಯಿ ಒಬ್ಬರ ಪಾಲಿಗೆ ಬರುತ್ತದೆ. ವರ್ಷದೊಳಗೆ ಎಲ್ಲರ ಸರದಿಯೂ ಮುಗಿಯುತ್ತದೆ. ಬಡ್ಡಿಯಿಲ್ಲ, ಕಾಗದವಿಲ್ಲ. ಮಗಳ ಕಿವಿಯೋಲೆ, ಸೈಕಲ್ಲು, ಹೊಲಿಗೆ ಯಂತ್ರ ಇಂಥವು ಎಷ್ಟೋ ಮನೆಗೆ ಬಂದದ್ದು ಈ ದಾರಿಯಿಂದ. ಹನ್ನೆರಡು ಜನರಿಗೂ ಒಂದೇ ಹೊತ್ತಿಗೆ ಪಗಾರವಾದರೆ ಮಾತ್ರ ಭಿಶಿ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಒಬ್ಬನ ಪಗಾರ ನಿಂತರೆ ಹನ್ನೊಂದು ಜನರ ಲೆಕ್ಕ ತಪ್ಪುತ್ತದೆ. ಸರ್ಕಾರ ಕೊಡುವ ಹಬ್ಬದ ಮುಂಗಡವೂ ಇದೇ ತತ್ವದ ಮೇಲೆ ನಿಂತಿದೆ: ಬಡ್ಡಿಯಿಲ್ಲದ ಸಾಲ, ಹತ್ತು ಕಂತುಗಳಲ್ಲಿ ಪಗಾರದಲ್ಲೇ ಕಡಿತ.

ಆಣೆಯಿಂದ ಪೈಸೆಗೆ

ಸಣ್ಣ ಖರೀದಿಯ ಚರಿತ್ರೆ ಸಣ್ಣ ನಾಣ್ಯದ ಚರಿತ್ರೆಯೇ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಭಾರತಕ್ಕೆ ಸೇರಿತು. ಕ್ರಮೇಣ ಶುಕ್ರವಾರದ ರಜೆ ಭಾನುವಾರಕ್ಕೆ ಹೋಯಿತು, ಫಸಲಿ ತಿಂಗಳುಗಳ ಜಾಗಕ್ಕೆ ಜನವರಿ, ಫೆಬ್ರವರಿ ಬಂದವು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯೊಂದಿಗೆ ಈ ಮೂರು ತಾಲ್ಲೂಕುಗಳು ವಿಶಾಲ ಮೈಸೂರು ರಾಜ್ಯದ ಪಾಲಾದವು. ಉರ್ದುವಿನಲ್ಲಿ ಮಿಸಲು ಬರೆದು ಕೈ ಪಳಗಿದ ಗುಮಾಸ್ತರು ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಬೇಕಾಯಿತು.

ಅದರ ಬೆನ್ನಿಗೇ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯಾ ಪೈಸೆಯಾಯಿತು. ಒಂದು ಆಣೆಗೆ ಆರೂ ಕಾಲು ಪೈಸೆ. ಕಾಲು ಪೈಸೆಯ ನಾಣ್ಯವಂತೂ ಇಲ್ಲ. ಹೀಗಾಗಿ ಒಂದು ಆಣೆಗೆ ಆರು, ಎರಡಕ್ಕೆ ಹನ್ನೆರಡು, ಮೂರಕ್ಕೆ ಹತ್ತೊಂಬತ್ತು, ನಾಲ್ಕಕ್ಕೆ ಇಪ್ಪತ್ತೈದು ಎಂದು ಕೋಷ್ಟಕ ಮಾಡಿದರು. ಒಂದು ಆಣೆಯ ಸಾಮಾನನ್ನು ನಾಲ್ಕು ಸಲ ಬೇರೆಬೇರೆ ಕೊಂಡವನಿಗೆ ಇಪ್ಪತ್ತನಾಲ್ಕು ಪೈಸೆ, ಒಟ್ಟಿಗೆ ಕೊಂಡವನಿಗೆ ಇಪ್ಪತ್ತೈದು. ಸಣ್ಣ ಖರೀದಿಯವನು ಗೆದ್ದ ಅಪರೂಪದ ಸಂದರ್ಭ ಇದು! ಈ ಭಾಗದ ಬಜಾರಿಗೆ ಇನ್ನೂ ಒಂದು ತೊಡಕಿತ್ತು. ಹಾಲಿ ಸಿಕ್ಕಾ ಪೂರ್ತಿಯಾಗಿ ಚಲಾವಣೆ ಕಳೆದುಕೊಂಡದ್ದು 1959ರಲ್ಲಿ. ಅಲ್ಲಿಯವರೆಗೆ ನಿಜಾಮರ ರೂಪಾಯಿ, ಭಾರತದ ಆಣೆ, ಹೊಸ ಪೈಸೆ ಮೂರೂ ಒಂದೇ ಗಲ್ಲೆಯಲ್ಲಿ ಬೀಳುವ ಕಾಲ. ತೂಕಗಳಲ್ಲಿಯೂ ಸೇರು, ಅಚ್ಛೇರು, ಪಾವಶೇರು ಹೋಗಿ ಕಿಲೋ, ಗ್ರಾಂ ಬಂದದ್ದು ಆ ವರ್ಷಗಳಲ್ಲಿಯೇ.

ಲೆಕ್ಕ ಬದಲಾದರೂ ನಾಲಿಗೆ ಬದಲಾಗಲಿಲ್ಲ. ಇಪ್ಪತ್ತೈದು ಪೈಸೆಗೆ ‘ಚಾರಾಣೆ’, ಐವತ್ತಕ್ಕೆ ‘ಆಠಾಣೆ’ ಎಂಬ ಹೆಸರು ಉಳಿಯಿತು. ಚಾರಾಣೆ ನಾಣ್ಯ 2011ರ ಜೂನ್ 30ರಂದು ಚಲಾವಣೆಯಿಂದ ಹೋಯಿತು. ಆದರೂ ಕಾಲು ಕಿಲೋ ತೂಗುವಾಗ ‘ಪಾವ್ ಕಿಲೋ’ ಎನ್ನುವ ಬಾಯಿಗಳು ಇಂದಿಗೂ ಬಜಾರಿನಲ್ಲಿವೆ.

ಈ ನಾಣ್ಯಗಳು ಕೊಂಡದ್ದಾದರೂ ಏನನ್ನು? ಮನೆಗೆ ಹೋಗುವಾಗ ಒಂದು ಮೊಳ ಹೂವು, ನೂಲು ಸುತ್ತಿದ ಕಾಗದದ ಪುಡಿಕೆಯಲ್ಲಿ ನಾಲ್ಕು ಭಜಿ, ಎಲೆ-ಅಡಿಕೆ, ಮಕ್ಕಳಿಗೆ ಪೆಪ್ಪರಮಿಂಟು. ದಿನಸಿ ಉದ್ರಿಯಲ್ಲಿ ಬರುತ್ತದೆ. ಇಂಥವಕ್ಕೆ ಉದ್ರಿ ಕೇಳುವಂತಿಲ್ಲ, ಕೇಳಿದರೆ ಮರ್ಯಾದೆ ಹೋಗುತ್ತದೆ. ಅಪ್ಪನ ಕೈಯಲ್ಲಿ ಪುಡಿಕೆ ಇದೆಯೇ ಇಲ್ಲವೇ ಎಂದು ನೋಡಿ ತಿಂಗಳ ಎಷ್ಟನೇ ತಾರೀಖು ಎಂದು ಹೇಳುವ ವಿದ್ಯೆ ನೌಕರದಾರರ ಮನೆಯ ಮಕ್ಕಳಿಗೆಲ್ಲ ಗೊತ್ತಿತ್ತು.

ಯಾರ ರಾತ್ರಿ?

ಇನ್ನು ರಾತ್ರಿಯ ಸಂಗತಿ. ವಿದ್ಯುತ್ತು, ಸಿನಿಮಾ ಬರುವ ಮುಂಚೆ ರಾತ್ರಿ ಹೊರಗೆ ಉಳಿಯುವುದಕ್ಕೆ ದೇವರ ಅಪ್ಪಣೆ ಬೇಕಿತ್ತು. ಮೊಹರಮ್ಮಿನ ಖತ್ತಲ್ ರಾತ್ರಿ ಅಲಾಯಿ ಕುಣಿಯ ಕೆಂಡದ ಸುತ್ತ ಹೆಜ್ಜೆ ಹಾಕುವ ಮಂದಿ, ರಿವಾಯತ್ ಪದ ಹಾಡುವವರು, ದೇವರಿಗೆ ಸಕ್ಕರೆ ಓದಿಸುವವರು. ಇವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ವಿಂಗಡಿಸುವುದು ಕಷ್ಟ. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ಕೂಡಿಸುವ ಸೀಮೆ ಇದು. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಡದ ಮೌನೇಶ್ವರನಿಗೆ ಮಾಘ ಮಾಸದಲ್ಲಿ ಜಾತ್ರೆ. ಆತನೂ ಎರಡೂ ಧರ್ಮದವರು ನಂಬಿದ ಸಂತ. ಯಾದಗಿರಿಯ ಬಳಿ ಮೈಲಾಪುರದಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಜಾತ್ರೆ, ಭಂಡಾರದ ಹಳದಿಯಲ್ಲಿ ಮುಳುಗಿದ ಗುಡ್ಡ. ಸುರಪುರದಲ್ಲಿ ಗೋಕುಲಾಷ್ಟಮಿಯ ನಂತರ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ಜಾರುವ ಎತ್ತರದ ಕಂಬ ಏರುವ ಪೈಪೋಟಿ. ಇವುಗಳ ಜತೆಗೆ ಬೆಳಗಿನ ತನಕ ನಡೆಯುವ ದೊಡ್ಡಾಟ, ಜಾತ್ರೆಗೆ ಬಂದ ಕಂಪನಿ ನಾಟಕ.

ಇವಾವುವೂ ಪಗಾರದ ತಾರೀಖು ನೋಡಿ ಬರುವುದಿಲ್ಲ. ಸಂಕ್ರಾಂತಿ ಎಂದಿಗೂ ತಿಂಗಳ ನಡುವೆ. ಚಂದ್ರನನ್ನು ನೋಡಿ ಬರುವ ಮೊಹರಮ್ಮು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಆದರೆ ಜಾತ್ರೆಯ ರಾತ್ರಿಗೆ ಟಿಕೆಟ್ಟಿಲ್ಲ. ಬೆಂಡು-ಬತ್ತಾಸು, ಒಂದು ಡಜನ್ ಬಳೆ, ಮಕ್ಕಳಿಗೊಂದು ಪೀಪಿ ಇಷ್ಟರಲ್ಲಿ ಮುಗಿಯುತ್ತಿತ್ತು. ಮುಖ್ಯವಾಗಿ, ಅಲ್ಲಿಗೆ ಹೆಂಗಸರೂ ಬರುತ್ತಿದ್ದರು. ರಾತ್ರಿ ಹೊತ್ತು ಹೆಣ್ಣುಮಗಳು ಧೈರ್ಯವಾಗಿ ಬೀದಿಯಲ್ಲಿ ನಡೆಯಬಹುದಾಗಿದ್ದ ದಿನಗಳು ವರ್ಷದಲ್ಲಿ ಇಂಥ ಕೆಲವೇ.

ಸಿನಿಮಾ ಬಂದು ರಾತ್ರಿಗೆ ಬೆಲೆ ಕಟ್ಟಿತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಒಂದನೇ ತಾರೀಖಿನ ಗುಮಾಸ್ತ ಕುರ್ಚಿಯಲ್ಲಿ ಕೂರುತ್ತಿದ್ದ, ಇಪ್ಪತ್ತರ ನಂತರ ಬೆಂಚಿಗೆ ಇಳಿಯುತ್ತಿದ್ದ. ನೆಲಕ್ಕೆ ಮಾತ್ರ ಇಳಿಯುತ್ತಿರಲಿಲ್ಲ. ಕಚೇರಿಗೆ ಅರ್ಜಿ ಹಿಡಿದು ಬರುವ ರೈತ ಅಲ್ಲಿ ಪಕ್ಕದಲ್ಲೇ ಕುಳಿತಿರುತ್ತಾನಲ್ಲ! ಸೆಕೆಂಡ್ ಶೋ ಎಂಬುದು ಬಹುಮಟ್ಟಿಗೆ ಗಂಡಸರ ಲೋಕ. ಚಹಾದಂಗಡಿಯ ಬೆಂಚೂ ಅವರದೇ. ನೌಕರದಾರನ ಸಂಜೆ ಎಂದು ನಾವು ನೆನೆಯುವುದರಲ್ಲಿ ಹೆಚ್ಚಿನ ಪಾಲು ಮನೆಯಲ್ಲಿ ಇನ್ನೊಬ್ಬರು ಒಲೆ ಮುಂದೆ ಕಳೆದ ಸಂಜೆಯ ಮೇಲೆ ನಿಂತದ್ದು.

ನಡುವೆ ಒಂದು ವಿಚಿತ್ರ ವರ್ಷ ಬಂತು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಹಿಂದುಳಿದ ನಾಡೆಂದು ಎಲ್ಲರೂ ಕರೆಯುವ ಈ ಸೀಮೆಯ ಹಳ್ಳಿಗರು ಚಾವಡಿ, ಶಾಲೆಗಳ ಮುಂದೆ ಕುಳಿತು ರಾಜಧಾನಿಗಿಂತ ಆರು ವರ್ಷ ಮೊದಲೇ ಟಿ.ವಿ. ನೋಡಿದ್ದರು. ಮುಂದೆ ಅದು ಮನೆಯೊಳಗೆ ಬಂತು, ಹೊರಗಿನ ರಾತ್ರಿಗಳನ್ನು ನಿಧಾನವಾಗಿ ಒಳಗೆ ಎಳೆದುಕೊಂಡಿತು.

ಕಾಲುವೆ, ಜಿಲ್ಲೆ ಮತ್ತು ಹೊಸ ನೌಕರರು

ಎರಡನೆಯ ದೊಡ್ಡ ನೌಕರದಾರರ ಅಲೆ ತಂದದ್ದು ನೀರು. 1964ರಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿತ್ತು. ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಯೋಜನೆಯ ಕಚೇರಿಗಳು, ಕ್ವಾರ್ಟರ್ಸ್ ಎದ್ದವು. ಬೇರೆ ಜಿಲ್ಲೆಗಳಿಂದ ಬಂದ ಎಂಜಿನಿಯರುಗಳು, ಗುಮಾಸ್ತರು ಬಜಾರಿನಲ್ಲಿ ಇಡ್ಲಿ, ಕಾಫಿ ಕೇಳಿದರು. ಇಲ್ಲಿನ ರೊಟ್ಟಿ, ಶೇಂಗಾ ಹಿಂಡಿಯ ರುಚಿ ಹತ್ತಿಸಿಕೊಂಡರು.

ಮೂರನೆಯ ಅಲೆ ಯಾದಗಿರಿ ಜಿಲ್ಲೆಯಾದಾಗ. ಗುಲ್ಬರ್ಗಾದಿಂದ, ಅಂದರೆ ಇಂದಿನ ಕಲಬುರಗಿಯಿಂದ, ಬೇರ್ಪಟ್ಟು ಅದು 2010ರಲ್ಲಿ ರಾಜ್ಯದ ಮೂವತ್ತನೇ ಜಿಲ್ಲೆಯಾಗಿ ಕಣ್ಣು ತೆರೆಯಿತು. ಊರಿಗೆ ಜಿಲ್ಲಾ ಕಚೇರಿಗಳ ಸಾಲೇ ಬಂತು. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ದೊರೆತು, ಈ ಸೀಮೆಯ ಮಕ್ಕಳು ಈ ಸೀಮೆಯ ಕುರ್ಚಿಗಳಲ್ಲಿ ಕೂರುವುದು ಹೆಚ್ಚಾಯಿತು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಸುರಪುರದಿಂದ ಯಾದಗಿರಿಗೆ ದಿನವೂ ಓಡಾಡುವ ಒಬ್ಬ ನೌಕರಳಿಗೆ ಉಳಿಯುವ ಆ ಹಣ ಅವಳದೇ ಸಣ್ಣ ಖರೀದಿಯ ಹಣ. ಅವಳೂ ಮೊಳ ಹೂವು, ಪುಡಿಕೆ ಭಜಿ ಕೊಳ್ಳುತ್ತಾಳೆ. ಆದರೆ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಮಾತಾಡುವ ಸಂಜೆ ಅವಳಿಗಿನ್ನೂ ದಕ್ಕಿಲ್ಲ. ಆರು ಗಂಟೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಒಲೆ ಹತ್ತುವುದು ತಡವಾಗುತ್ತದೆ.

2016ರಲ್ಲಿ ಯುಪಿಐ ಬಂದ ಮೇಲೆ ಪಗಾರ ಕಣ್ಣಿಗೆ ಕಾಣುವುದನ್ನೇ ನಿಲ್ಲಿಸಿತು. ಖಜಾನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮೊಬೈಲಿಗೆ, ಮೊಬೈಲಿನಿಂದ ಭಜಿ ಬಂಡಿಗೆ. ನೋಟು ಎಣಿಸಿ ದೇವರ ಮುಂದಿಟ್ಟು ಮನೆಯೊಡತಿಯ ಕೈಗೆ ಕೊಡುವ ಪದ್ಧತಿ ತೆಳುವಾಗಿದೆ. ಅವಳು ಸಾಸಿವೆ ಡಬ್ಬಿಯಲ್ಲಿ ಯಾರಿಗೂ ಕಾಣದಂತೆ ಉಳಿಸುತ್ತಿದ್ದ ಚಿಲ್ಲರೆಗೂ ದಾರಿ ಕಿರಿದಾಗಿದೆ.

ತಾರೀಖಿಲ್ಲದ ತಿಂಗಳು

ಆದರೆ ನಿಜವಾಗಿ ಯೋಚಿಸಬೇಕಾದ ಬದಲಾವಣೆ ಇನ್ನೊಂದಿದೆ. 2024ರ ಆಗಸ್ಟ್ 1ರಿಂದ ಜಾರಿಯಾದ ಏಳನೇ ವೇತನ ಆಯೋಗದ ಪ್ರಕಾರ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 27,000 ರೂಪಾಯಿ. ಅದೇ ಕಚೇರಿಯಲ್ಲಿ, ಪಕ್ಕದ ಮೇಜಿನಲ್ಲಿ, ಅದೇ ಕಡತದ ಕೆಲಸವನ್ನು ಮಾಡುವ ಹೊರಗುತ್ತಿಗೆಯ ಹುಡುಗನಿಗೆ, ಹುಡುಗಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಮೊತ್ತ ಕಡಿಮೆ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು, ಅವರಿಗೆ ಒಂದನೇ ತಾರೀಖು ಇಲ್ಲ ಎಂಬುದು. ಗುತ್ತಿಗೆ ಏಜೆನ್ಸಿಗೆ ಅನುದಾನ ಬಂದಾಗ, ಬಿಲ್ಲು ಪಾಸಾದಾಗ, ಹೀಗೆ ಪಗಾರ ಬರುವುದು ಮತ್ತೆ ಮಳೆಯ ಹಾಗಾಗಿದೆ. ಕೆಲವೊಮ್ಮೆ ತಿಂಗಳಿಗೆ, ಕೆಲವೊಮ್ಮೆ ಮೂರು ತಿಂಗಳಿಗೆ. ವೇತನ ಬಾಕಿಗಾಗಿ ಧರಣಿ ಎಂಬ ಸುದ್ದಿ ಓದುಗರಿಗೆ ಹೊಸದಲ್ಲ.

ಗುತ್ತಿಗೆದಾರನ ಕೈಯಿಂದ ಆಡಳಿತವನ್ನು ಬಿಡಿಸಿ ತಿಂಗಳ ಸಂಬಳಕ್ಕೆ ಕಟ್ಟಿದ್ದು 1865ರ ಸುಧಾರಣೆಯ ಸಾರ. ನೂರಾ ಅರವತ್ತು ವರ್ಷಗಳ ಬಳಿಕ ಗುತ್ತಿಗೆದಾರ ಬೇರೆ ಬಾಗಿಲಿನಿಂದ ಅದೇ ಕಚೇರಿಗೆ ಬಂದು ಕುಳಿತಿದ್ದಾನೆ. ಪಕ್ಕಾ ನೌಕರಿಯವನಿಗೆ ಸಾವ್ಕಾರ ಮೂವತ್ತು ದಿನದ ಖಾತೆ ತೆರೆಯುತ್ತಿದ್ದ. ಈ ಹೊಸ ನೌಕರನಿಗೆ ಯಾವ ಲೆಕ್ಕದಲ್ಲಿ ತೆರೆಯಬೇಕು? ಅವನನ್ನು ಭಿಶಿಗೆ ಸೇರಿಸಿಕೊಳ್ಳಲು ಗೆಳೆಯರೂ ಹಿಂದೆ ಮುಂದೆ ನೋಡುತ್ತಾರೆ. ಹಬ್ಬದ ಮುಂಗಡ ಅವನಿಗಿಲ್ಲ. ಕಚೇರಿಯವನೆಂದು ಊರಿನಲ್ಲಿ ಹೆಸರು, ಖರ್ಚೂ ಕಚೇರಿಯವನದೇ. ಆದಾಯ ಮಾತ್ರ ಒಣಬೇಸಾಯದವನದು.

ಸಂಜೆಯ ಚಹಾ, ಮೊಳ ಹೂವು, ಜಾತ್ರೆಯ ಬಳೆ ಇವು ಬದುಕಿಗೆ ಅವಶ್ಯವೇ ಎಂದು ಕೇಳಿದರೆ ಅಲ್ಲ ಎನ್ನಬೇಕಾಗುತ್ತದೆ. ಬದುಕು ನಡೆಯುತ್ತದೆ. ಆದರೆ ನಾಳೆಯ ಹಣ ನಾಳೆ ಬಂದೇ ಬರುತ್ತದೆ ಎಂಬ ನಂಬಿಕೆ ಇದ್ದವನು ಮಾತ್ರ ಇಂದು ಆಠಾಣೆಯನ್ನು ಖುಷಿಗೆ ಖರ್ಚು ಮಾಡಬಲ್ಲ. ಒಂದು ಊರಿನಲ್ಲಿ ಎಷ್ಟು ಜನ ಹಾಗೆ ಖರ್ಚು ಮಾಡುತ್ತಾರೆ ಎಂಬುದು ಆ ಊರಿನ ಸಂಪತ್ತಿಗಿಂತ ಹೆಚ್ಚಾಗಿ ಅಲ್ಲಿನ ನಿಶ್ಚಿಂತೆಯನ್ನು ತೋರಿಸುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಸಾವ್ಕಾರರು ಇದನ್ನು ಎಂದೋ ಅರಿತಿದ್ದರು. ಅವರ ಕೆಂಪು ಪುಸ್ತಕದಲ್ಲಿ ಹೆಸರಿನ ಮುಂದೆ ಮೊದಲು ಬರೆಯುತ್ತಿದ್ದುದು ಮೊತ್ತವನ್ನಲ್ಲ, ತಾರೀಖನ್ನು.